ಅಜ್ಜ ಬೇಕರಿಯಲ್ಲಿದ್ದರೇ? ನಾಲ್ಕನೆಯ ಪುಟ ನೋಡಿ

ಹಳೆಯ ದಾಖಲೆ, ಪತ್ರ ಮತ್ತು ಕುಟುಂಬದ ಕಾಗದಪತ್ರಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ನಮ್ಮ ಅಂಕಣಕಾರ್ತಿ ಉತ್ತರಿಸುತ್ತಾರೆ. ಓದುಗರ ಹೆಸರನ್ನು ಅವರ ಕೋರಿಕೆಯಂತೆ ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಶಿರಸಿಯವಳು. ಮದುವೆಯಾದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪ ನೆಲೆಸಿದ್ದೇನೆ. ಗಂಡ ಅಲ್ಲಿಯವರೇ. ಅತ್ತೆಯವರು ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋಗುವಾಗ ಅವರ ತಂದೆಯ ತಗಡಿನ ಡಬ್ಬಿಯೊಂದನ್ನು ನಮಗೆ ಕೊಟ್ಟರು. ಅದರಲ್ಲಿ ಕಂದು ರಟ್ಟಿನ ಸಣ್ಣ ಪುಸ್ತಕ, ಮೊಟ್ಟೆಯಾಕಾರದ ಲೋಹದ ಬಿಲ್ಲೆ, ಇಂಗ್ಲಿಷ್ ಮತ್ತು ಜರ್ಮನ್ ಎರಡರಲ್ಲೂ ಅಚ್ಚಾದ, ಹೆಬ್ಬೆಟ್ಟಿನ ಗುರುತಿರುವ ಒಂದು ಹಾಳೆ ಇವೆ. ಅಜ್ಜ 1979ರಲ್ಲಿ ತೀರಿಕೊಂಡರು. ವೃತ್ತಿಯಲ್ಲಿ ಬೇಕರಿಯವರು. ‘ರಷ್ಯಾದಲ್ಲಿ ಸೈನ್ಯಕ್ಕೆ ಬ್ರೆಡ್ ಮಾಡಿ ಹಾಕುತ್ತಿದ್ದೆ, ಚಳಿ ವಿಪರೀತ’ ಎಂದಷ್ಟೇ ಮನೆಯವರಿಗೆ ಹೇಳಿದ್ದರಂತೆ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಊಟದ ಹೊತ್ತಿನಲ್ಲಿ, ‘ಮುತ್ತಜ್ಜ ಯಾರನ್ನಾದರೂ ಕೊಂದಿದ್ದರಾ?’ ಎಂದು ಕೇಳಿಬಿಟ್ಟಳು. ಅತ್ತೆ ಎದ್ದು ಹೋದರು. ಗಂಡ ಮಾತು ಬದಲಿಸಿದರು. ಪುಸ್ತಕದ ಎಲ್ಲ ಪುಟಗಳ ಫೋಟೊ ಕಳಿಸಿದ್ದೇನೆ. ಇದರಿಂದ ಏನೇನು ತಿಳಿಯಬಹುದು? ಮಗಳಿಗೆ ಏನು ಹೇಳಲಿ?

ಉತ್ತರ: ತಂಗೀ, ನಿಮ್ಮ ಮಗಳದು ಸರಿಯಾದ ಪ್ರಶ್ನೆ. ಅದನ್ನು ಕೇಳಿದ್ದಕ್ಕೆ ಅವಳನ್ನು ಯಾರೂ ಗದರಬಾರದು. ಕಳಿಸಿದ ಫೋಟೊಗಳನ್ನು ಒಂದೊಂದಾಗಿ ಓದಿದ್ದೇನೆ. ಓದಿದಂತೆಯೇ ಬರೆಯುತ್ತೇನೆ.

ನಿಮ್ಮ ಕೈಯಲ್ಲಿರುವ ಪುಸ್ತಕದ ಹೆಸರು ‘ಜೋಲ್ಡ್‌ಬುಖ್’. ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಸೈನಿಕನ ಸಂಬಳದ ಪುಸ್ತಕ, ಜೊತೆಗೆ ಅವನ ಗುರುತಿನ ಚೀಟಿ. ಹಗಲಿರುಳು ಅಂಗಿಯ ಎದೆಜೇಬಿನಲ್ಲಿಯೇ ಇರಬೇಕು ಎಂಬುದು ನಿಯಮವಾಗಿತ್ತು. ನಿಮ್ಮ ಪ್ರತಿಯ ಮೂಲೆಗಳು ದುಂಡಾಗಿರುವುದು, ಮಧ್ಯದಲ್ಲಿ ಬೆವರಿನ ಕಲೆ ಹರಡಿರುವುದು ಇದೇ ಕಾರಣಕ್ಕೆ. ಇದರ ಜೋಡಿ ದಾಖಲೆ ಇನ್ನೊಂದಿತ್ತು, ‘ವೇರ್‌ಪಾಸ್’. ಸೈನಿಕ ಸೇವೆಯಲ್ಲಿರುವವರೆಗೂ ಅದು ಅವನ ಕಂಪನಿಯ, ಅಂದರೆ ಸೇನಾ ತುಕಡಿಯ, ಕಚೇರಿಯಲ್ಲಿರುತ್ತಿತ್ತು. ಯಾವ ಯಾವ ಕದನದಲ್ಲಿ ಭಾಗವಹಿಸಿದ ಎಂಬ ಪಟ್ಟಿ ಇರುತ್ತಿದ್ದದ್ದು ಅದರಲ್ಲಿ. ಸೈನಿಕ ಸತ್ತರೆ ವೇರ್‌ಪಾಸ್ ಮನೆಗೆ ಬರುತ್ತಿತ್ತು. ಬಿಡುಗಡೆಯಾದರೆ ಅವನು ಜೋಲ್ಡ್‌ಬುಖ್ ಒಪ್ಪಿಸಿ ವೇರ್‌ಪಾಸ್ ಪಡೆಯುತ್ತಿದ್ದ. ನಿಮ್ಮ ಡಬ್ಬಿಯಲ್ಲಿ ಜೋಲ್ಡ್‌ಬುಖ್ ಉಳಿದಿದೆ, ವೇರ್‌ಪಾಸ್ ಇಲ್ಲ. ಅಂದರೆ ಅಜ್ಜನಿಗೆ ನಿಯಮದ ಪ್ರಕಾರ ಬಿಡುಗಡೆಯಾಗಲಿಲ್ಲ. ಸೈನ್ಯವೇ ಕುಸಿದುಬಿದ್ದಾಗ ಅವರು ಇನ್ನೂ ಅದರೊಳಗೇ ಇದ್ದರು. ಹೆಬ್ಬೆಟ್ಟಿನ ಹಾಳೆ ಇದಕ್ಕೆ ಹೊಂದುತ್ತದೆ. ಪಾಶ್ಚಿಮಾತ್ಯ ಮಿತ್ರರಾಷ್ಟ್ರಗಳ ಸೈನ್ಯಗಳು ಯುದ್ಧಕೈದಿಗಳನ್ನು ಮನೆಗೆ ಕಳಿಸುವಾಗ ಕೊಡುತ್ತಿದ್ದ ಬಿಡುಗಡೆ ಪತ್ರ ಅದು. ನಿಮ್ಮದರಲ್ಲಿ 1945ರ ಆಗಸ್ಟ್ ತಿಂಗಳ ಮುದ್ರೆ ಇದೆ. ಸೋವಿಯತ್ ಸೈನ್ಯದ ಕೈಗೆ ಸಿಕ್ಕಿದ್ದರೆ ಅಜ್ಜ ಅಷ್ಟು ಬೇಗ ಮನೆ ಸೇರುತ್ತಿದ್ದದ್ದು ಅನುಮಾನ. ಅಲ್ಲಿನ ಕೊನೆಯ ಕೈದಿಗಳು ಮರಳಿ ಬರುವಾಗ 1956 ಬಂದಿತ್ತು.

ಇನ್ನು ಬಿಲ್ಲೆ. ಅದು ಸೈನಿಕನ ಗುರುತಿನ ಬಿಲ್ಲೆ. ನಡುವೆ ಸಾಲಾಗಿ ಸೀಳುಗಳಿವೆ, ಎರಡೂ ಅರ್ಧಗಳ ಮೇಲೆ ಒಂದೇ ಬರಹ. ಸೈನಿಕ ಸತ್ತರೆ ಕೆಳಗಿನ ಅರ್ಧವನ್ನು ಮುರಿದು ವರದಿಯ ಜೊತೆ ಕಳಿಸುತ್ತಿದ್ದರು, ಮೇಲಿನ ಅರ್ಧ ಹೆಣದ ಜೊತೆ ಮಣ್ಣಿಗೆ ಹೋಗುತ್ತಿತ್ತು. ನಿಮ್ಮದು ಇಡಿಯಾಗಿ ಮನೆಗೆ ಬಂದಿದೆ. ಅದರ ಮೇಲೆ ಹೆಸರಿಲ್ಲ. ಒಂದು ಘಟಕ, ಒಂದು ಕ್ರಮಸಂಖ್ಯೆ, ರಕ್ತದ ಗುಂಪಿನ ಅಕ್ಷರ, ಅಷ್ಟೇ. ಆ ಘಟಕವನ್ನು ಓದಿ ‘ಅಜ್ಜ ಇದರಲ್ಲಿ ಹೋರಾಡಿದರು’ ಎಂದು ಬಹಳ ಮಂದಿ ತೀರ್ಮಾನಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಬಿಲ್ಲೆಯಲ್ಲಿರುವುದು ಅದನ್ನು ಮೊದಲ ಬಾರಿಗೆ ಕೊಟ್ಟ ಘಟಕ. ಹೊಸಬರನ್ನು ಭರ್ತಿ ಮಾಡಿಕೊಂಡು ಕವಾಯತು ಕಲಿಸಿ ರಣರಂಗಕ್ಕೆ ಕಳಿಸುವ ಮೀಸಲು ಬೆಟಾಲಿಯನ್ನಿನ ಹೆಸರೇ ಹೆಚ್ಚಿನ ಬಿಲ್ಲೆಗಳಲ್ಲಿರುತ್ತದೆ. ನಿಮ್ಮದರಲ್ಲಿ ಇರುವುದೂ ಅದೇ: ಪದಾತಿ ಮೀಸಲು ಬೆಟಾಲಿಯನ್ 56, ಎರಡನೆಯ ಕಂಪನಿ. (ಕಂಪನಿಗಳು ಸೇರಿ ಬೆಟಾಲಿಯನ್, ಬೆಟಾಲಿಯನ್ನುಗಳು ಸೇರಿ ರೆಜಿಮೆಂಟ್, ರೆಜಿಮೆಂಟುಗಳು ಸೇರಿ ಡಿವಿಷನ್.) 56ನೆಯ ರೆಜಿಮೆಂಟಿನ ತವರು ಡ್ಯಾನ್ಯೂಬ್ ದಡದ ಉಲ್ಮ್ ನಗರ. ಬಿಲ್ಲೆ ಹೇಳುವುದು ಅಜ್ಜ ಸೈನ್ಯಕ್ಕೆ ಎಲ್ಲಿಂದ ಸೇರಿದರು ಎಂಬುದನ್ನು ಮಾತ್ರ.

ಹೋದದ್ದೆಲ್ಲಿಗೆ ಎಂಬುದು ಪುಸ್ತಕದ ನಾಲ್ಕನೆಯ ಪುಟದಲ್ಲಿದೆ. ಜೋಲ್ಡ್‌ಬುಖ್ ಯಾರ ಕೈಗೆ ಬಂದರೂ ಮೊದಲು ಈ ಪುಟ ತೆರೆಯಿರಿ ಎನ್ನುತ್ತೇನೆ. ಅಲ್ಲಿ ‘ಎ’ ಎಂಬ ಭಾಗದಲ್ಲಿ ಕಳಿಸಿದ ಮೀಸಲು ಘಟಕ, ‘ಬಿ’ ಭಾಗದಲ್ಲಿ ರಣರಂಗದ ಘಟಕ, ‘ಸಿ’ ಭಾಗದಲ್ಲಿ ಸದ್ಯಕ್ಕೆ ಹೊಣೆ ಹೊತ್ತ ಮೀಸಲು ಘಟಕ. ನಿಮ್ಮ ಫೋಟೊದಲ್ಲಿ ‘ಬಿ’ ಭಾಗದ ಮೊದಲ ಸಾಲಿಗೆ ಅಡ್ಡಗೆರೆ ಎಳೆದಿದ್ದಾರೆ, ಆದರೆ ಕೆಳಗಿನ ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತದೆ: ‘7’, ಓರೆಗೆರೆ, ಪದಾತಿ ರೆಜಿಮೆಂಟ್ 56. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ, ‘7’, ಓರೆಗೆರೆ, ಯೇಗರ್ ರೆಜಿಮೆಂಟ್ 56. ‘ಯೇಗರ್’ ಎಂದರೆ ಹಗುರ ಪದಾತಿ. ಇದು ವರ್ಗಾವಣೆಯಲ್ಲ, ಅದೇ ರೆಜಿಮೆಂಟಿಗೆ ಬಂದ ಹೊಸ ಹೆಸರು. ಓರೆಗೆರೆಯ ಮುಂದೆ 1, 2, 3 ಎಂಬ ಅಂಕಿ ಇದ್ದರೆ ಅದು ಕಂಪನಿ. ರೋಮನ್ ಅಂಕಿ ಇದ್ದರೆ ಬೆಟಾಲಿಯನ್. ಏಳನೆಯ ಕಂಪನಿ ಎರಡನೆಯ ಬೆಟಾಲಿಯನ್ನಿಗೆ ಸೇರಿದ್ದು. ಬಂದೂಕು ಹಿಡಿದು ನಡೆಯುವವರ ಕಂಪನಿ.

ಇಲ್ಲಿ ನಿಮ್ಮ ಅತ್ತೆಯವರಿಗೆ ನೋವಾಗಬಹುದಾದ ಮಾತನ್ನು ಹೇಳಬೇಕಾಗಿದೆ. ಜರ್ಮನ್ ಡಿವಿಷನ್‌ಗಳಲ್ಲಿ ಬ್ರೆಡ್ ಮಾಡಲು ಪ್ರತ್ಯೇಕ ಬೇಕರಿ ಕಂಪನಿ ಇರುತ್ತಿತ್ತು. ರಣರಂಗದ ಹಿಂದೆ ಒಲೆಗಳನ್ನು ಹೂಡಿ ಡಿವಿಷನ್ನಿಗೆಲ್ಲ ಬ್ರೆಡ್ ಒದಗಿಸುವುದು ಅದರ ಕೆಲಸ. ಅಜ್ಜ ಅದರಲ್ಲಿದ್ದಿದ್ದರೆ ನಾಲ್ಕನೆಯ ಪುಟದಲ್ಲಿ ಬೇಕರಿ ಕಂಪನಿ ಎಂದೇ ಬರೆಯುತ್ತಿದ್ದರು. ಹಾಗೆ ಎಲ್ಲಿಯೂ ಬರೆದಿಲ್ಲ. ಎರಡನೆಯ ಪುಟದಲ್ಲಿ ವೃತ್ತಿ ‘ಬೇಕರ್’ ಎಂದಿದೆ, ಅದು ನಿಜ. ಕಣ್ಣಿನ ಬಣ್ಣ ಬೂದುನೀಲಿ, ಬೂಟಿನ ಅಳತೆ 42, ಅವೂ ಅಲ್ಲೇ ಇವೆ. ಆದರೆ ಊರಿನಲ್ಲಿ ಬೇಕರಿ ನಡೆಸುತ್ತಿದ್ದವರನ್ನು ಸೈನ್ಯ ಪದಾತಿಯಾಗಿ ಕಳಿಸಿತ್ತು.

ಪದಕಗಳ ಪುಟ, ಅಂದರೆ 22ನೆಯದು, ಇದನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತದೆ. ಅಲ್ಲಿ ಮೂರು ನಮೂದುಗಳಿವೆ. ಒಂದು, 1941–42ರ ಚಳಿಗಾಲದ ಪೂರ್ವರಂಗದ, ಅಂದರೆ ರಷ್ಯಾ ಕಡೆಯ ರಣರಂಗದ, ಪದಕ. ಎರಡು, ಗಾಯಾಳುಗಳ ಕಪ್ಪು ಬಿಲ್ಲೆ. ಮೂರು, ಪದಾತಿ ದಾಳಿಯ ಬಿಲ್ಲೆ. ಪದಕ ಎಂದರೆ ಶೌರ್ಯದ ಮಾತು ಎಂದುಕೊಂಡು ಕುಟುಂಬದವರು ಹೆಮ್ಮೆಯಿಂದಲೋ ನಾಚಿಕೆಯಿಂದಲೋ ಅದನ್ನು ಬದಿಗಿಡುತ್ತಾರೆ. ನನಗೆ ಅವು ಸ್ಥಳ ಮತ್ತು ಕಾಲದ ಸಾಕ್ಷಿಗಳು, ಏಕೆಂದರೆ ಒಂದೊಂದಕ್ಕೂ ಲಿಖಿತ ಷರತ್ತು ಇತ್ತು. ಚಳಿಗಾಲದ ಪದಕ 1942ರ ಮೇ 26ರಂದು ಸ್ಥಾಪನೆಯಾದದ್ದು. 1941ರ ನವೆಂಬರ್ 15ರಿಂದ 1942ರ ಏಪ್ರಿಲ್ 15ರ ಒಳಗೆ ಪೂರ್ವರಂಗದಲ್ಲಿ ಹದಿನಾಲ್ಕು ದಿನ ಕಾದಾಡಿದವರಿಗೆ, ಇಲ್ಲವೇ ಅಲ್ಲಿ ಅರವತ್ತು ದಿನ ಇದ್ದವರಿಗೆ ಅದು ಸಿಗುತ್ತಿತ್ತು. ಗಾಯಗೊಂಡವರಿಗೆ, ಹಿಮದಿಂದ ಕೈಕಾಲು ಕೊಳೆತವರಿಗೆ ದಿನದ ಲೆಕ್ಕ ಇರಲಿಲ್ಲ. ಕಪ್ಪು ಬಿಲ್ಲೆ ಎಂದರೆ ಒಂದು ಅಥವಾ ಎರಡು ಗಾಯ. ದಾಳಿಯ ಬಿಲ್ಲೆ ಪಡೆಯಲು ಮೂರು ಬೇರೆ ಬೇರೆ ದಿನ ಆಯುಧ ಹಿಡಿದು ಮುಂಚೂಣಿಯ ದಾಳಿಯಲ್ಲಿ ಭಾಗವಹಿಸಿರಬೇಕು. ಒಲೆಯ ಮುಂದೆ ನಿಂತವರಿಗೆ ಅದನ್ನು ಕೊಡುತ್ತಿರಲಿಲ್ಲ.

ಈಗ 12–13ನೆಯ ಪುಟಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಆಸ್ಪತ್ರೆಯ ದಾಖಲಾತಿ ಅಲ್ಲಿದೆ. ಕಾಯಿಲೆಯ ಹೆಸರಿನ ಜಾಗದಲ್ಲಿ ಅಂಕಿ ಇರುವುದು ಕಂಡು ಗಾಬರಿಯಾಗಬೇಡಿ, ಸೈನ್ಯದ ವೈದ್ಯರು ಕಾಯಿಲೆ ಮತ್ತು ಗಾಯಗಳನ್ನು ಸಂಕೇತಸಂಖ್ಯೆಯಲ್ಲಿ ಬರೆಯುತ್ತಿದ್ದರು. ನಮಗೆ ಬೇಕಾದದ್ದು ತಾರೀಖು. ಮೊದಲ ನಮೂದು 1942ರ ಏಪ್ರಿಲ್ 9. ಅದರ ಕೆಳಗೆ ಮತ್ತೊಂದು ಆಸ್ಪತ್ರೆ, ಜರ್ಮನಿಯ ಒಳಗಿನದು. ಅಲ್ಲಿಂದ ಜುಲೈನಲ್ಲಿ ‘ಯುದ್ಧಸೇವೆಗೆ ಯೋಗ್ಯ’ ಎಂಬ ಎರಡಕ್ಷರದ ಷರಾ ಹಾಕಿ ಹೊರಗೆ ಕಳಿಸಿದ್ದಾರೆ.

1942ರ ಏಪ್ರಿಲ್ ಎರಡನೆಯ ವಾರದಲ್ಲಿ 56ನೆಯ ರೆಜಿಮೆಂಟ್ ಎಲ್ಲಿತ್ತು? ಅದು 5ನೆಯ ಡಿವಿಷನ್ನಿಗೆ ಸೇರಿದ್ದು. 1941ರಲ್ಲಿ ಆ ಡಿವಿಷನ್ ಮಧ್ಯರಂಗದಲ್ಲಿ ಸ್ಮೋಲೆನ್ಸ್ಕ್ ದಿಕ್ಕಿಗೆ ಸಾಗಿತ್ತು. ವರ್ಷದ ಕೊನೆಗೆ ಫ್ರಾನ್ಸಿಗೆ ಮರಳಿ, ಹಗುರ ಡಿವಿಷನ್ ಆಗಿ ಮಾರ್ಪಟ್ಟು, 1942ರ ಆರಂಭದಲ್ಲಿ ಮತ್ತೆ ರಷ್ಯಾಕ್ಕೆ ಹೋಯಿತು. ಈ ಬಾರಿ ಉತ್ತರಕ್ಕೆ, ಇಲ್ಮೆನ್ ಸರೋವರದ ದಕ್ಷಿಣಕ್ಕಿರುವ ಸ್ತಾರಾಯಾ ರುಸ್ಸಾ ಪ್ರದೇಶಕ್ಕೆ. ಡೆಮ್ಯಾನ್ಸ್ಕ್ ಎಂಬಲ್ಲಿ ಸುಮಾರು ಒಂದು ಲಕ್ಷ ಜರ್ಮನ್ ಸೈನಿಕರನ್ನು ಕೆಂಪು ಸೇನೆ ಫೆಬ್ರವರಿಯಲ್ಲಿ ಸುತ್ತುವರಿದಿತ್ತು. ಅವರನ್ನು ತಲುಪಲು ಜನರಲ್ ಜೈಡ್ಲಿಟ್ಜ್ ನೇತೃತ್ವದಲ್ಲಿ ಮಾರ್ಚ್ 21ರಂದು ದಾಳಿ ಶುರುವಾಯಿತು. ಅದರಲ್ಲಿ 5ನೆಯ ಡಿವಿಷನ್ ಇತ್ತು. ಹಿಮ ಕರಗುವ ಕಾಲ. ಜವುಗು ಕಾಡಿನಲ್ಲಿ ಸೊಂಟದವರೆಗೆ ನೀರು, ಕೆಸರು. ಲೊವಾತ್ ನದಿಯ ದಡದಲ್ಲಿ ಸುತ್ತುವರಿಯಲ್ಪಟ್ಟವರ ಕೈ ಹಿಡಿಯಲು ಅವರಿಗೆ ಒಂದು ತಿಂಗಳು ಬೇಕಾಯಿತು, ಏಪ್ರಿಲ್ 21ರವರೆಗೆ. ಅಜ್ಜ ಗಾಯಗೊಂಡದ್ದು ಆ ದಾಳಿಯ ನಡುವೆ. ಪುಟ 4, ಪುಟ 12, ಪುಟ 22 ಮೂರೂ ಒಂದೇ ಜಾಗಕ್ಕೆ ಬೆರಳು ತೋರಿಸುತ್ತವೆ. ‘ಚಳಿ ವಿಪರೀತ’ ಎಂದು ಅವರು ಹೇಳಿದ್ದು ಸುಳ್ಳಲ್ಲ.

ರಜೆಯ ಪುಟವನ್ನು ಅತ್ತೆಯವರಿಗೆ ನೀವೇ ತೋರಿಸಿ. 23ನೆಯ ಪುಟದ ಕೊನೆಯ ಸಾಲಿನಲ್ಲಿ 1944ರ ಜನವರಿಯಲ್ಲಿ ಮನೆಗೆ ಹೋಗಲು ಕೊಟ್ಟ ರಜೆ ಇದೆ. ನಿಮ್ಮ ಪತ್ರದ ಪ್ರಕಾರ ಅತ್ತೆಯವರು ಹುಟ್ಟಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ತಂದೆಯ ಪುಸ್ತಕದಲ್ಲಿ ತನ್ನ ಬದುಕಿನ ಆರಂಭದ ಗುರುತೂ ಇದೆ ಎಂದು ಅವರಿಗೆ ತಿಳಿಯುವುದು ಒಳ್ಳೆಯದು. ಐದನೆಯ ಪುಟದಲ್ಲಿ ಹತ್ತಿರದ ಸಂಬಂಧಿಕರ ವಿಳಾಸವಿದೆ. ಮೊದಲು ತಂದೆತಾಯಿಯ ವಿಳಾಸ ಮಾತ್ರ ಇತ್ತು, ಹೆಂಡತಿಯದನ್ನು ಆಮೇಲೆ ಸೇರಿಸಿದ್ದಾರೆ. ಅತ್ತೆಯವರ ತಾಯಿಯ ಹೆಸರು, ಬೀದಿ, ಮನೆ ಸಂಖ್ಯೆ ಎಲ್ಲವೂ ಅಚ್ಚುಕಟ್ಟಾಗಿ ಇವೆ.

ಇಷ್ಟು ಪುಸ್ತಕ ಹೇಳಿದ್ದು. ಮುಂದಿನದಕ್ಕೆ ಬರ್ಲಿನ್ನಿಗೆ ಬರೆಯಬೇಕು. 1939ರ ಆಗಸ್ಟ್‌ನಲ್ಲಿ, ಯುದ್ಧ ಶುರುವಾಗುವ ಮೊದಲೇ, ಜರ್ಮನ್ ಸೈನ್ಯ ತನ್ನ ಸಾವುನೋವು ಮತ್ತು ಕೈದಿಗಳ ಮಾಹಿತಿಗಾಗಿ ಒಂದು ಕಚೇರಿ ತೆರೆದಿತ್ತು. ಯುದ್ಧ ಮುಗಿದ ಮೇಲೂ ಅದು ಮುಚ್ಚಲಿಲ್ಲ, ಕಾಣೆಯಾದವರ ಕುಟುಂಬಗಳಿಗೆ ಉತ್ತರಿಸುತ್ತಲೇ ಬಂತು. 2019ರ ಜನವರಿ 1ರಿಂದ ಅದು ಜರ್ಮನಿಯ ರಾಷ್ಟ್ರೀಯ ಪತ್ರಾಗಾರವಾದ ಬುಂಡೆಸ್‌ಆರ್ಖೀವ್‌ನ ಒಂದು ವಿಭಾಗ. ಸೈನಿಕರ ಕಾರ್ಡುಗಳು, ಗಾಯ ಮತ್ತು ಸಾವಿನ ವರದಿಗಳು, ಜೊತೆಗೆ ನಿಮಗೆ ಅತ್ಯಂತ ಮುಖ್ಯವಾದ ಗುರುತಿನ ಬಿಲ್ಲೆಗಳ ಪಟ್ಟಿಗಳು ಅಲ್ಲಿವೆ. ಯಾವ ಬಿಲ್ಲೆಯವನು ಯಾವಾಗ ಬಂದ, ಯಾವ ಘಟಕಕ್ಕೆ ಹೋದ ಎಂದು ಪ್ರತಿಯೊಂದು ಘಟಕವೂ ಕಾಲಕಾಲಕ್ಕೆ ವರದಿ ಕೊಡುತ್ತಿತ್ತು. ಪುಸ್ತಕದಲ್ಲಿ ಬಿಟ್ಟುಹೋದ ನಡೆಗಳು ಆ ಪಟ್ಟಿಗಳಲ್ಲಿ ಸಿಗಬಹುದು. ಅರ್ಜಿ ನಮೂನೆ ಪತ್ರಾಗಾರದ ಜಾಲತಾಣದಲ್ಲಿದೆ. ಪೂರ್ಣ ಹೆಸರು, ಹುಟ್ಟಿದ ದಿನ, ಊರು, ಬಿಲ್ಲೆಯ ಬರಹ, ಈ ನಾಲ್ಕನ್ನೂ ಬರೆಯಿರಿ. ಅರ್ಜಿ ನಿಮ್ಮ ಅತ್ತೆಯವರ ಹೆಸರಿನಲ್ಲಿ ಹೋದರೆ ಒಳಿತು, ಅವರು ಮಗಳು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ‘ನಮ್ಮಲ್ಲಿ ಸೇವಾಕಡತ ಇಲ್ಲ’ ಎಂದು ಬಂದರೆ ಎದೆಗುಂದಬೇಡಿ. 1945ರ ಏಪ್ರಿಲ್‌ನಲ್ಲಿ ಪೋಟ್ಸ್‌ಡಾಮ್ ನಗರದ ಮೇಲೆ ಬ್ರಿಟಿಷರು ಬಾಂಬ್ ಹಾಕಿದಾಗ ಅಲ್ಲಿದ್ದ ಸೈನ್ಯದ ಪತ್ರಾಗಾರ ಸುಟ್ಟುಹೋಯಿತು. ಜರ್ಮನಿಯ ಸಾವಿರಾರು ಕುಟುಂಬಗಳ ಹುಡುಕಾಟ ಆ ಬೂದಿಯ ಮುಂದೆ ನಿಂತಿದೆ. ಕಡತ ಇಲ್ಲದಿದ್ದರೂ ಬಿಲ್ಲೆಯ ಪಟ್ಟಿ ಇರಬಹುದು, ಅದನ್ನು ಹೆಸರಿಸಿಯೇ ಕೇಳಿ.

ಈಗ ಮಗಳ ಪ್ರಶ್ನೆಗೆ. ಜೋಲ್ಡ್‌ಬುಖ್‌ನಲ್ಲಿ ಕಾಲುಚೀಲ ಎಷ್ಟು ಜೊತೆ ಕೊಟ್ಟರು ಎಂಬುದು ಇದೆ. ಕೊಂದವರ ಲೆಕ್ಕಕ್ಕೆ ಅದರಲ್ಲಿ ಪುಟವಿಲ್ಲ. ಆದರೆ ಮೂರು ಬಾರಿ ಆಯುಧ ಹಿಡಿದು ದಾಳಿಗೆ ಹೋದವರು ಗುಂಡು ಹಾರಿಸಿರುತ್ತಾರೆ. ಅವಳಿಗೆ ಅದನ್ನು ನೇರವಾಗಿ ಹೇಳಿ. ಹದಿನಾಲ್ಕು ಹದಿನೈದರ ಹುಡುಗಿಗೆ ಅಷ್ಟು ತಾಳಿಕೊಳ್ಳುವ ಶಕ್ತಿ ಇದೆ. ಬ್ರೆಡ್ಡಿನ ಕಥೆಯನ್ನೇ ಮುಂದುವರಿಸಿದರೆ, ಮುಂದೊಂದು ದಿನ ಅವಳೇ 22ನೆಯ ಪುಟ ಓದಿದಾಗ ನಿಮ್ಮನ್ನೂ ನಂಬುವುದಿಲ್ಲ.

ಅವಳು ನಿಜವಾಗಿ ಕೇಳುತ್ತಿರುವುದು ಇನ್ನೊಂದನ್ನು ಎಂದು ನನಗನ್ನಿಸುತ್ತದೆ. ದಾಳಿಯಲ್ಲಿ ಎದುರಿನ ಸೈನಿಕನನ್ನು ಕೊಲ್ಲುವುದು ಬೇರೆ, ನಿರಾಯುಧರನ್ನು ಕೊಲ್ಲುವುದು ಬೇರೆ. ಪೂರ್ವರಂಗದಲ್ಲಿ ಜರ್ಮನ್ ಸೈನ್ಯ ಎರಡನೆಯದನ್ನೂ ಮಾಡಿತು. ಸೆರೆಸಿಕ್ಕ ಸೋವಿಯತ್ ಸೈನ್ಯದ ರಾಜಕೀಯ ಅಧಿಕಾರಿಗಳನ್ನು ಗುಂಡಿಟ್ಟು ಕೊಲ್ಲಬೇಕೆಂಬ ಆದೇಶ 1941ರ ಜೂನ್ 6ರಂದು ಹೊರಟಿತ್ತು. ಸೆರೆಸಿಕ್ಕ ಸೋವಿಯತ್ ಸೈನಿಕರಲ್ಲಿ ಸುಮಾರು 30 ಲಕ್ಷ ಮಂದಿ ಹಸಿವಿನಿಂದ, ಚಳಿಯಿಂದ, ಗುಂಡಿನಿಂದ ಸತ್ತರು. ಹಿಮ್ಮೆಟ್ಟುವಾಗ ಹಳ್ಳಿಗಳನ್ನು ಸುಟ್ಟರು. ‘ಅದೆಲ್ಲ ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನವರ ಕೆಲಸ, ಸಾಮಾನ್ಯ ಸೈನಿಕರ ಕೈ ಶುದ್ಧ’ ಎಂಬ ಮಾತು ಜರ್ಮನಿಯ ಮನೆಮನೆಗಳಲ್ಲಿ ದಶಕಗಳ ಕಾಲ ನಡೆಯಿತು. 1995ರಲ್ಲಿ ಹ್ಯಾಂಬರ್ಗ್‌ನ ಸಾಮಾಜಿಕ ಸಂಶೋಧನಾ ಸಂಸ್ಥೆ ಸೈನ್ಯದ ಅಪರಾಧಗಳ ಮೇಲೆ ಪ್ರದರ್ಶನ ಏರ್ಪಡಿಸಿದಾಗ ಊರೂರಿನಲ್ಲಿ ಗಲಾಟೆಯಾಯಿತು. ಕೆಲವು ಚಿತ್ರಗಳ ವಿವರಣೆ ತಪ್ಪೆಂದು ತಿಳಿದು ಅದನ್ನು ನಿಲ್ಲಿಸಿ, ತಿದ್ದಿ, 2001ರಲ್ಲಿ ಮತ್ತೆ ತೆರೆದರು. ಮೂಲ ತೀರ್ಮಾನ ಬದಲಾಗಲಿಲ್ಲ.

ಹಾಗೆಂದು ನಿಮ್ಮ ಅಜ್ಜನ ಮೇಲೆ ಆರೋಪ ಹೊರಿಸಲು ನಾನು ಸಿದ್ಧಳಿಲ್ಲ. ಕಾಗದದಲ್ಲಿ ಇಲ್ಲದ ಪಾಪವನ್ನು ಹಚ್ಚುವುದೂ ಅನ್ಯಾಯ, ಕಾಗದದಲ್ಲಿ ಇಲ್ಲವೆಂದು ತೊಳೆದುಬಿಡುವುದೂ ಅನ್ಯಾಯ. ಮಾಡಬೇಕಾದ ಕೆಲಸ ಇನ್ನೊಂದಿದೆ. ಡಿವಿಷನ್‌ಗಳು ದಿನದಿನದ ಯುದ್ಧ ದಿನಚರಿ ಬರೆಯುತ್ತಿದ್ದವು. ಉಳಿದವುಗಳ ಮೂಲಪ್ರತಿ ಫ್ರೈಬುರ್ಗ್‌ನ ಸೈನಿಕ ಪತ್ರಾಗಾರದಲ್ಲಿದೆ. ಅಮೆರಿಕನ್ನರು ಯುದ್ಧದ ನಂತರ ವಶಪಡಿಸಿಕೊಂಡು ತೆಗೆದ ಮೈಕ್ರೋಫಿಲ್ಮ್ ಪ್ರತಿಗಳು ಅವರ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಡಿವಿಷನ್‌ಗಳ ಸರಣಿಯ ಹೆಸರು ‘ಟಿ-315’. ಅಜ್ಜ ಆಸ್ಪತ್ರೆಯಲ್ಲಿದ್ದ ತಿಂಗಳುಗಳನ್ನು, ರಜೆಯ ದಿನಗಳನ್ನು ಪಕ್ಕಕ್ಕಿಟ್ಟು, ಉಳಿದ ದಿನಗಳಲ್ಲಿ ಆ ಘಟಕ ಯಾವ ಹಳ್ಳಿಯಲ್ಲಿತ್ತು, ಕೈದಿಗಳ ಬಗ್ಗೆ, ಊರಿನವರ ಬಗ್ಗೆ ಏನು ಬರೆದಿದೆ ಎಂದು ಓದಬೇಕು. ಅದು ನಿಮ್ಮ ಗಂಡನ ಕೆಲಸ ಎಂದು ನನ್ನ ಅಭಿಪ್ರಾಯ. ಭಾಷೆ ಅವರದು, ಅಜ್ಜ ಅವರದು. ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಲಿ. ಅಜ್ಜ ನಾಜಿ ಪಕ್ಷದ ಸದಸ್ಯರಾಗಿದ್ದರೇ ಎಂಬುದನ್ನು ಜೋಲ್ಡ್‌ಬುಖ್ ಹೇಳುವುದಿಲ್ಲ. ಪಕ್ಷದ ಸದಸ್ಯರ ಕಾರ್ಡುಗಳು ಅದೇ ಬುಂಡೆಸ್‌ಆರ್ಖೀವ್‌ನಲ್ಲಿವೆ, ಅದಕ್ಕೆ ಬೇರೆ ಅರ್ಜಿ.

ಕೊನೆಯದಾಗಿ, ಮುಖಪುಟದ ಹದ್ದಿನ ಕೆಳಗಿನ ಸ್ವಸ್ತಿಕವನ್ನು ಯಾರೋ ಪೆನ್ನಿನಿಂದ ಗೀಚಿ ಅಳಿಸಲು ನೋಡಿದ್ದಾರೆ. 1945ರ ನಂತರ ಬಹಳ ಮಂದಿ ಹಾಗೆ ಮಾಡಿದರು. ಆ ಗೀಚಿದ್ದನ್ನು ಸರಿಪಡಿಸಲು ಹೋಗಬೇಡಿ, ಅದೂ ದಾಖಲೆಯೇ. ತುಕ್ಕು ಹಿಡಿದ ಪಿನ್ನುಗಳನ್ನು ಕೀಳಬೇಡಿ, ಸೆಲೋಟೇಪು ಹಚ್ಚಬೇಡಿ. ಆ ಮುಖಪುಟದ ಚಿತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಲೂ ಬೇಡಿ. ನಾಜಿ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನ ಜರ್ಮನಿಯಲ್ಲಿ ಅಪರಾಧ. ಬೋಧನೆ, ಸಂಶೋಧನೆಗೆ ವಿನಾಯಿತಿ ಇದೆ, ಫೇಸ್‌ಬುಕ್ ಗೋಡೆ ಅದರಲ್ಲಿ ಸೇರುತ್ತದೆಂದು ನಂಬಿ ಕೂರುವುದು ಬೇಡ.

ಪ್ರಶ್ನೆ: ಮೈಸೂರಿನಲ್ಲಿ ಜರ್ಮನ್ ಕಲಿಯುತ್ತಿದ್ದೇನೆ, ಬಿ1 ಎಂಬ ಮಧ್ಯಮ ಹಂತ ಮುಗಿದಿದೆ. ಆದರೂ ಹಳೆಯ ಜರ್ಮನ್ ಪತ್ರಗಳ ಒಂದು ಪದವನ್ನೂ ಓದಲಾಗುವುದಿಲ್ಲ. ನನ್ನ ಜರ್ಮನ್ ಅಷ್ಟು ಕೆಟ್ಟದಾಗಿದೆಯೇ?

ಉತ್ತರ: ನಿಮ್ಮ ಜರ್ಮನ್ ಚೆನ್ನಾಗಿಯೇ ಇರಬಹುದು. ಆ ಪತ್ರಗಳು ‘ಕುರೆಂಟ್’ ಎಂಬ ಹಳೆಯ ಕೈಬರಹದಲ್ಲಿರುತ್ತವೆ. ಅದರದೇ ಶಾಲಾ ರೂಪ ‘ಜ್ಯೂಟರ್ಲೀನ್’. 1941ರಲ್ಲಿ ಅದನ್ನು ಶಾಲೆಗಳಲ್ಲಿ ಕಲಿಸುವುದು ನಿಂತಿತು. ಹಾಗಾಗಿ ಇಂದಿನ ಜರ್ಮನ್ನರಲ್ಲಿಯೂ ಬಹುತೇಕರಿಗೆ ಸ್ವಂತ ಅಜ್ಜಿಯ ಪತ್ರ ಓದಲು ಬರುವುದಿಲ್ಲ. ನಾನು ಕಲಿತದ್ದು ಮಂಗಳೂರಿನ ಬಾಸೆಲ್ ಮಿಷನ್ನಿನವರ ಹಳೆಯ ಪತ್ರಗಳಿಂದ. ಕಿಟೆಲ್, ಮೋಗ್ಲಿಂಗ್ ಕಾಲದ ಬರವಣಿಗೆ ಅದೇ ಕುಲದ್ದು. ‘ಇ’ ಅಕ್ಷರ ‘ಎನ್’ ಹಾಗೆ ಕಾಣುತ್ತದೆ. ‘ಯು’ ತಲೆಯ ಮೇಲೆ ಸಣ್ಣ ಕಮಾನು ಹೊತ್ತಿರುತ್ತದೆ, ಅದು ‘ಎನ್’ ಅಲ್ಲ ಎಂದು ತಿಳಿಯಲೆಂದೇ. ಪದದ ನಡುವಿನ ‘ಎಸ್’ ಉದ್ದನೆಯ ಕೋಲು. ದಿನಕ್ಕೆ ಅರ್ಧ ಪುಟ ನೀವೇ ಆ ಅಕ್ಷರಗಳಲ್ಲಿ ಬರೆಯಿರಿ. ಕೈಗೆ ಬಂದದ್ದು ಕಣ್ಣಿಗೆ ಬೇಗ ಬರುತ್ತದೆ. ಸೈನ್ಯದ ಕಾಗದಗಳನ್ನು ಓದುವವರು ಇದರ ಜೊತೆಗೆ ಕಂಪನಿ, ಬೆಟಾಲಿಯನ್, ರೆಜಿಮೆಂಟ್, ಮೀಸಲು, ಆಸ್ಪತ್ರೆ ಎಂಬ ಪದಗಳ ಸಂಕ್ಷೇಪಗಳನ್ನು ಕಲಿತರೆ ಪುಸ್ತಕದ ಬಹುಪಾಲು ತೆರೆದುಕೊಳ್ಳುತ್ತದೆ.

ಪ್ರಶ್ನೆ: ನಾನು ಬೆಳಗಾವಿಯ ನಿವೃತ್ತ ಸೈನಿಕ. ನೇತಾಜಿಯವರು ಜರ್ಮನಿಯಲ್ಲಿ ಕಟ್ಟಿದ ದಳದ ಸೈನಿಕರಿಗೂ ಜರ್ಮನ್ ಗುರುತಿನ ಪುಸ್ತಕ ಕೊಟ್ಟಿದ್ದರೇ?

ಉತ್ತರ: ಕೊಟ್ಟಿದ್ದರು ಸರ್. ಅದು ಜರ್ಮನ್ ಸೈನ್ಯದ ಪಟ್ಟಿಯಲ್ಲಿಯೇ 950ನೆಯ ಪದಾತಿ ರೆಜಿಮೆಂಟ್ ಆಗಿತ್ತು. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಜರ್ಮನ್ ಸೇನಾಪತಿ ರೊಮೆಲ್‌ನ ಪಡೆಗೆ ಸೆರೆಸಿಕ್ಕ ಬ್ರಿಟಿಷ್ ಭಾರತೀಯ ಸೈನಿಕರನ್ನು ಜರ್ಮನಿಯ ಅನ್ನಾಬುರ್ಗ್ ಶಿಬಿರಕ್ಕೆ ತಂದು, ಅವರಲ್ಲಿ ಒಪ್ಪಿದವರನ್ನು ಸೇರಿಸಿಕೊಂಡು, ಡ್ರೆಸ್ಡೆನ್ ಸಮೀಪದ ಕ್ಯೋನಿಗ್ಸ್‌ಬ್ರುಕ್‌ನಲ್ಲಿ ತರಬೇತಿ ಕೊಟ್ಟರು. 1943ರಲ್ಲಿ ನೆದರ್ಲೆಂಡ್ಸ್ ಕರಾವಳಿಗೆ, ಅಲ್ಲಿಂದ ಫ್ರಾನ್ಸಿನ ಬೋರ್ಡೊ ಹತ್ತಿರದ ಲಾಕಾನೊ ಎಂಬಲ್ಲಿಗೆ ಕಳಿಸಿದರು. 1944ರ ಆಗಸ್ಟ್‌ನಲ್ಲಿ ದಳವನ್ನು ನಾಜಿ ಪಕ್ಷದ ಎಸ್‌ಎಸ್ ಪಡೆಯ ಯುದ್ಧವಿಭಾಗವಾದ ವಾಫೆನ್ ಎಸ್‌ಎಸ್‌ಗೆ ವರ್ಗಾಯಿಸಿದರು. ಸೈನಿಕರನ್ನು ಕೇಳಿ ಮಾಡಿದ ತೀರ್ಮಾನ ಅದಲ್ಲ. ನೇತಾಜಿಯವರು 1943ರ ಫೆಬ್ರವರಿಯಲ್ಲಿಯೇ ಜಲಾಂತರ್ಗಾಮಿ ಹತ್ತಿ ಪೂರ್ವಕ್ಕೆ ಹೊರಟಿದ್ದರು. ಹಿಂದೆ ಉಳಿದ ಈ ಎರಡೂವರೆ ಮೂರು ಸಾವಿರ ಜನರ ಬಗ್ಗೆ ನಮ್ಮಲ್ಲಿ ಬಹಳ ಕಡಿಮೆ ಬರೆದಿದ್ದಾರೆ, ಅದು ನನಗೆ ಸಂಕಟದ ವಿಷಯ. ನಿಮ್ಮ ಪರಿಚಯದವರ ಮನೆಯಲ್ಲಿ ಅಂಥ ಪುಸ್ತಕವಿದ್ದರೆ ಮೇಲಿನ ಉತ್ತರದ ಕ್ರಮದಲ್ಲಿಯೇ ಓದಿ. ಅದರ ಜೊತೆಗೆ ಸೆರೆಸಿಕ್ಕುವ ಮೊದಲಿನ ಭಾರತೀಯ ರೆಜಿಮೆಂಟಿನ ಸೇವಾಸಂಖ್ಯೆಯನ್ನೂ ಹುಡುಕಿ. ಅದಿಲ್ಲದೆ ಇಲ್ಲಿಯ ಯಾವ ದಾಖಲೆ ಕಚೇರಿಯಲ್ಲಿಯೂ ಕೆಲಸ ಮುಂದುವರಿಯುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಹಳೆಯ ನಾಣ್ಯ, ಪದಕ ಸಂಗ್ರಹಿಸುತ್ತೇನೆ. ಅಂತರ್ಜಾಲದ ಹರಾಜಿನಲ್ಲಿ ಒಂದು ಜೋಲ್ಡ್‌ಬುಖ್ ಕೊಂಡೆ. ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ಉತ್ತರ: ಪುಸ್ತಕ ಅಸಲಿಯಾಗಿದ್ದು ಬರಹ ನಕಲಿಯಾಗಿರುವುದೇ ಹೆಚ್ಚು. ಬೆಲೆ ಏರಿಸಲು ದೊಡ್ಡ ಪದಕಗಳನ್ನು, ಹೆಸರಾಂತ ಘಟಕಗಳನ್ನು ಆಮೇಲೆ ತುಂಬುತ್ತಾರೆ. ಹಾಗಾಗಿ ಪುಟಗಳನ್ನು ಒಂದಕ್ಕೊಂದು ತಾಳೆ ನೋಡಿ. ಗಾಯಾಳುಗಳ ಬಿಲ್ಲೆ ಇದ್ದರೆ ಆಸ್ಪತ್ರೆಯ ಪುಟದಲ್ಲಿ ಗಾಯದ ನಮೂದು ಇರಬೇಕಲ್ಲವೇ? ಬಡ್ತಿಯ ತಾರೀಖು ಮೊದಲ ಪುಟದಲ್ಲಿ ಒಂದು, ಸಂಬಳದ ಪುಟದಲ್ಲಿ ಇನ್ನೊಂದು ಇದ್ದರೆ ಅನುಮಾನಪಡಿ. 1940ರ ನಮೂದೂ 1944ರ ನಮೂದೂ ಒಂದೇ ಕೈಬರಹ, ಒಂದೇ ಶಾಯಿಯಲ್ಲಿದ್ದರೆ ಕೊಳ್ಳಬೇಡಿ. ಫೋಟೊದ ಮೇಲಿನ ಮುದ್ರೆಯ ಅಂಚು ಪುಟದ ಮೇಲೂ ಮುಂದುವರಿದಿರಬೇಕು.

ನೀವು ಕೇಳದಿದ್ದರೂ ಒಂದು ಮಾತು. ಆ ಪುಸ್ತಕದ ಐದನೆಯ ಪುಟದಲ್ಲಿ ಯಾರದೋ ತಾಯಿಯ, ಹೆಂಡತಿಯ ವಿಳಾಸ ಇದ್ದೇ ಇರುತ್ತದೆ. ಜರ್ಮನ್ ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಫೋಕ್ಸ್‌ಬುಂಡ್ ಎಂಬ ಸಂಸ್ಥೆ 1919ರಿಂದ ಇದೆ, ಅದರ ಜಾಲತಾಣದಲ್ಲಿ ಹೆಸರು ಮತ್ತು ಹುಟ್ಟಿದ ದಿನ ಹಾಕಿ ಹುಡುಕಬಹುದು. ಆ ಸೈನಿಕ ಸತ್ತವರ ಅಥವಾ ಕಾಣೆಯಾದವರ ಪಟ್ಟಿಯಲ್ಲಿ ಸಿಕ್ಕಿದರೆ, ದಯವಿಟ್ಟು ಎಲ್ಲ ಪುಟಗಳ ಪ್ರತಿಯನ್ನು ಆ ಸಂಸ್ಥೆಗೆ, ಬರ್ಲಿನ್ನಿನ ಪತ್ರಾಗಾರಕ್ಕೆ ಕಳಿಸಿಕೊಡಿ. ಪುಸ್ತಕ ನಿಮ್ಮ ಸಂಗ್ರಹದಲ್ಲಿಯೇ ಇರಲಿ, ಅದರಲ್ಲಿರುವ ಮಾಹಿತಿ ಆ ಮನೆಯವರಿಗೆ ತಲುಪಲಿ.